ತೋಟದ ಮನೆಯ ವೈಫೈ: 2.4 ಬೇರೆ, 5 ಬೇರೆ ಮಾಡಿಕೊಳ್ಳಿ

ರೂಟರ್ ಪಕ್ಕದಲ್ಲೇ ಇರುವ ಟಿವಿಯಲ್ಲಿ ಚಕ್ರ ಸುತ್ತುತ್ತಾ ನಿಂತಿದೆ, ಕಾಫಿ ಕಣಕ್ಕೆಂದು ತಂದ ಕ್ಯಾಮೆರಾ ವೈಫೈಗೆ ಸೇರುವುದೇ ಇಲ್ಲ ಅಂತಾದರೆ, ಇಂಟರ್ನೆಟ್‌ನವರಿಗೆ ಫೋನ್ ಮಾಡಿ ಜಗಳ ಆಡುವ ಮೊದಲು ಒಂದು ವಿಷಯ ನೋಡಿ. ನಿಮ್ಮ ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಅನ್ನುವ ಎರಡು ಬ್ಯಾಂಡನ್ನೂ (ತರಂಗಗಳ ಪಟ್ಟಿ) ಒಂದೇ ಹೆಸರಲ್ಲಿ ಬಿಡುತ್ತಿರಬಹುದು. ಹಾಗಿದ್ದಾಗ ಟಿವಿ ಯಾವುದಕ್ಕೆ ಸೇರಬೇಕು ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ.

2.4 ಗಿಗಾಹರ್ಟ್ಸ್ ನಿಧಾನ, ಆದರೆ ದೂರ ಹೋಗುತ್ತದೆ, ಗೋಡೆಯನ್ನೂ ಸುಮಾರಾಗಿ ದಾಟುತ್ತದೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ನಮ್ಮ ಕೊಡಗಿನ ಕಡೆಯ ಹಳೇ ಮನೆಗಳ ದಪ್ಪ ಗೋಡೆ ಎರಡು ಅಡ್ಡ ಬಂದರೆ ಸುಸ್ತಾಗುತ್ತದೆ. ತಗಡಿನ ಶೀಟು ಇದ್ದರಂತೂ ಎರಡಕ್ಕೂ ಕಷ್ಟ. ಹಾಗಾಗಿ ಹಾಲ್, ರೂಮಿನ ಟಿವಿ, ಲ್ಯಾಪ್‌ಟಾಪ್ 5ಕ್ಕೆ. ಕಣ, ಗೇಟು, ಪಂಪ್‌ಹೌಸ್ ಕಡೆಯದೆಲ್ಲಾ 2.4ಕ್ಕೆ. ಸ್ಮಾರ್ಟ್ ಪ್ಲಗ್, ಕಡಿಮೆ ಬೆಲೆಯ ಕ್ಯಾಮೆರಾಗಳಲ್ಲಿ ಬಹುಪಾಲಿಗೆ 5 ಕಾಣಿಸುವುದೇ ಇಲ್ಲ.

ಕೆಲಸ ಶುರು ಮಾಡುವ ಮೊದಲು ಸಾಧ್ಯವಾದರೆ ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ರೂಟರಿಗೆ ಸಿಕ್ಕಿಸಿ. ವೈಫೈನಲ್ಲೇ ಕೂತು ವೈಫೈ ಹೆಸರು ಬದಲಾಯಿಸಿದರೆ ಮಧ್ಯದಲ್ಲಿ ಕನೆಕ್ಷನ್ ಹೋಗುತ್ತದೆ, ಅಲ್ವಾ? ರೂಟರಿನ ಅಡಿಯ ಸ್ಟಿಕ್ಕರಲ್ಲಿ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಇರುತ್ತದೆ. ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಬ್ರೌಸರಲ್ಲಿ ಅದನ್ನು ಹಾಕಿ ಒಳಗೆ ಹೋಗಿ, ವೈರ್‌ಲೆಸ್ ಅಥವಾ ಡಬ್ಲ್ಯೂಲ್ಯಾನ್ ಅಂತ ಇರುವ ಜಾಗ ಹುಡುಕಿ. ಅಲ್ಲಿ ಸ್ಮಾರ್ಟ್ ಕನೆಕ್ಟ್ ಅಥವಾ ಬ್ಯಾಂಡ್ ಸ್ಟೀರಿಂಗ್ ಅನ್ನುವುದು ಆನ್ ಇದ್ದರೆ ಆಫ್ ಮಾಡಿ. ಆಗ ಎರಡು ಬ್ಯಾಂಡಿನ ಸೆಟ್ಟಿಂಗ್ ಬೇರೆ ಬೇರೆಯಾಗಿ ಕಾಣುತ್ತದೆ.

ಈಗ ಹೆಸರು. ಹಳೇ ಹೆಸರು, ಹಳೇ ಪಾಸ್‌ವರ್ಡನ್ನು 2.4ಕ್ಕೇ ಬಿಡಿ, ಹೊಸ ಹೆಸರನ್ನು 5ಕ್ಕೆ ಕೊಡಿ. ಉಲ್ಟಾ ಮಾಡಿದರೆ ಗೇಟಿನ ಕ್ಯಾಮೆರಾಗೆ ಹೊಸ ಹೆಸರು ಹೇಳಿಕೊಡಲು ಮಳೆಯಲ್ಲಿ ಏಣಿ ಹತ್ತಬೇಕಾಗುತ್ತದೆ. ಟಿವಿಗೆ ಹೇಳಿಕೊಡುವುದು ಸೋಫಾದಲ್ಲಿ ಕೂತೇ ಆಗುವ ಕೆಲಸ. ಹೊಸ ಹೆಸರು ‘ಹಾಲ್’ ಅಂತಲೋ ಏನೋ ಇಡಿ, ‘5ಜಿ’ ಬೇಡ. ಹೋಂಸ್ಟೇಗೆ ಬಂದವರು ಅದನ್ನು ಮೊಬೈಲ್ 5ಜಿ ಅಂದುಕೊಳ್ಳುತ್ತಾರೆ. ಸೆಕ್ಯೂರಿಟಿ (ಪಾಸ್‌ವರ್ಡ್ ರಕ್ಷಣೆಯ ಬಗೆ) ಎರಡಕ್ಕೂ ಡಬ್ಲ್ಯೂಪಿಎ2 ಸಾಕು. ಬರೀ ಡಬ್ಲ್ಯೂಪಿಎ3 ಹಾಕಿದರೆ ಹಳೇ ಸಾಧನಗಳು ಹೊರಗೇ ಉಳಿಯುತ್ತವೆ.

ಚಾನೆಲ್, ಅಂದರೆ ಬ್ಯಾಂಡಿನೊಳಗಿನ ಒಂದೊಂದು ದಾರಿಯ ವಿಷಯಕ್ಕೆ ಬಂದರೆ, 2.4ರಲ್ಲಿ 1, 6, 11 ಮಾತ್ರ ಬಳಸಿ, ಚಾನೆಲ್ಲಿನ ಅಗಲ (ವಿಡ್ತ್) 20 ಮೆಗಾಹರ್ಟ್ಸ್ ಇಡಿ. ಮಡಿಕೇರಿ, ಕುಶಾಲನಗರದ ಒತ್ತೊತ್ತು ಮನೆಗಳಲ್ಲಿ ಪಕ್ಕದವರ ವೈಫೈ ಎಲ್ಲಿದೆ ನೋಡಿ ಆರಿಸಬೇಕು. ತೋಟದ ನಡುವೆ ಒಂಟಿ ಮನೆಯಾದರೆ ಯಾವುದು ಹಾಕಿದರೂ ಒಂದೇ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

5ರಲ್ಲಿ ಮಾತ್ರ ಚಾನೆಲನ್ನು ರೂಟರೇ ಆರಿಸುವ ಆಟೋಗೆ ಬಿಡಬೇಡಿ. ಇದು ನಮ್ಮ ಊರಿಗೇ ಬೇಕಾದ ಮಾತು. 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ರೂಟರ್ ಮೊದಲು ಹತ್ತಿರದಲ್ಲಿ ರಾಡಾರ್ ಇದೆಯಾ ಅಂತ ಕನಿಷ್ಠ ಒಂದು ನಿಮಿಷ ಕೇಳಿ ನೋಡಿಯೇ 5ನ್ನು ಆನ್ ಮಾಡುವುದು. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಕರೆಂಟು ಹೋಗಿ ಬರುವುದು ಲೆಕ್ಕವಿಲ್ಲ. ಪ್ರತಿ ಸಲ ಕರೆಂಟು ಬಂದಾಗ 2.4 ಮೊದಲು ಎದ್ದಿರುತ್ತದೆ, 5 ಇನ್ನೂ ಬಂದಿರುವುದಿಲ್ಲ. ಎರಡೂ ಹೆಸರು ಗೊತ್ತಿರುವ ಟಿವಿ 2.4ಕ್ಕೆ ಸೇರಿ ಅಲ್ಲೇ ಕೂತುಬಿಡುತ್ತದೆ, ನೀವು ಮತ್ತೆ ಅದೇ ಸುತ್ತುವ ಚಕ್ರ ನೋಡುತ್ತೀರಿ. 36, 40, 44, 48ರಲ್ಲಿ ಒಂದನ್ನು ಹಾಕಿದರೆ ಈ ಕಾಯುವಿಕೆ ಇಲ್ಲ. ಅಗಲ 80 ಇರಲಿ.

ಸೇವ್ ಮಾಡಿ. ಟಿವಿ, ಲ್ಯಾಪ್‌ಟಾಪ್‌ನಲ್ಲಿ ಹಳೇ ಹೆಸರನ್ನು ಫರ್ಗೆಟ್ ಮಾಡಿ, ಹೊಸದಕ್ಕೆ ಮಾತ್ರ ಸೇರಿಸಿ. ಈ ಹೆಜ್ಜೆ ಬಿಟ್ಟರೆ ಇಷ್ಟು ಹೊತ್ತು ಮಾಡಿದ್ದು ವೇಸ್ಟ್. ಫೋನಿನಲ್ಲಿ ಎರಡೂ ಇರಲಿ. ಹಾಲಿನಿಂದ ಕಣಕ್ಕೆ ನಡೆಯುವಾಗ ಅದು 5ನ್ನೇ ಹಿಡಿದುಕೊಂಡು, ಸಿಗ್ನಲ್ ಪೂರ್ತಿ ಸಾಯುವವರೆಗೆ ಬಿಡದೆ, ಆಮೇಲೆ 2.4ಕ್ಕೆ ಬರುತ್ತದೆ. ವಾಟ್ಸಾಪ್ ಕಾಲ್ ಅಷ್ಟರಲ್ಲಿ ಕಟ್ ಆಗಬಹುದು. ಹೆಸರು ಬೇರೆ ಮಾಡಿದ್ದಕ್ಕೆ ಇದೊಂದು ತೊಂದರೆ ಸಹಿಸಬೇಕು. ಹೊಸ ಕ್ಯಾಮೆರಾ ಅಥವಾ ಪ್ಲಗ್ ಸೇರಿಸುವಾಗ ನಿಮ್ಮ ಫೋನೂ 2.4ರಲ್ಲೇ ಇರಲಿ.

ಮನೆಯಲ್ಲಿ ಎರಡು ಮೂರು ಡಬ್ಬ ಇಟ್ಟ ಮೆಶ್ ವ್ಯವಸ್ಥೆ ಇದ್ದರೆ ಇದ್ಯಾವುದೂ ಬೇಡ. ಹೆಸರು ಒಂದೇ ಇದ್ದರೇನೇ ಅದು ಸರಿಯಾಗಿ ನಡೆಯುವುದು. ಅದರ ಆ್ಯಪ್‌ನಲ್ಲಿ ಐಒಟಿ ನೆಟ್‌ವರ್ಕ್ (ಕ್ಯಾಮೆರಾ, ಪ್ಲಗ್‌ನಂಥ ಸಾಧನಗಳಿಗೆ ಬೇರೆ ನೆಟ್‌ವರ್ಕ್) ಅಂತ ಇದೆಯಾ ನೋಡಿ, ಇದ್ದರೆ ಅದಕ್ಕೆ 2.4 ಮಾತ್ರ ಆರಿಸಿ ಕ್ಯಾಮೆರಾಗಳನ್ನು ಅಲ್ಲಿಗೆ ಸೇರಿಸಿ.