ಹಳೇ ಆರ್ಕೇಡ್ ಮಾನಿಟರ್ ರಿಪೇರಿ: ಪಾರ್ಟ್ ಕೀಳುವ ಮೊದಲು ಪರದೆ ನೋಡಿ

ನಾಣ್ಯ ಹಾಕಿ ಆಡುವ ಹಳೇ ಆರ್ಕೇಡ್ ಯಂತ್ರದಲ್ಲಿ ಗೇಮ್ ಓಡುತ್ತಿದೆ, ಸೌಂಡ್ ಬರುತ್ತಿದೆ, ಪರದೆ ಮಾತ್ರ ಕಪ್ಪು. ಇಲ್ಲವೇ ನಟ್ಟನಡುವೆ ಒಂದೇ ಒಂದು ಗೆರೆ. ಇಂಥ ಹೊತ್ತಲ್ಲಿ ತುಂಬಾ ಜನ ಕೆಪಾಸಿಟರ್ ಕಿಟ್ (ಹಳೇ ಕೆಪಾಸಿಟರುಗಳ ಬದಲಿಗೆ ಹಾಕುವ ಹೊಸ ಸೆಟ್) ತರಿಸಿ ಇದ್ದಬದ್ದದ್ದೆಲ್ಲ ಬದಲಿಸಿಬಿಡುತ್ತಾರೆ. ಕಿಟ್ ಹಾಕುವುದು ಒಳ್ಳೆಯದೇ, ಆದರೆ ಅದು ಮೊದಲ ಕೆಲಸ ಅಲ್ಲ. ಎಲ್ಲವನ್ನೂ ಒಂದೇ ಸಲ ಕಿತ್ತು ಹಾಕಿದರೆ ಮೊದಲಿದ್ದ ದೋಷ ಯಾವುದು, ನಿಮ್ಮ ಕೈಯಿಂದ ಹೊಸದಾಗಿ ಹುಟ್ಟಿದ್ದು ಯಾವುದು ಅಂತ ಗೊತ್ತೇ ಆಗುವುದಿಲ್ಲ. ಏನು ಕೆಟ್ಟಿದೆ ಅನ್ನುವುದನ್ನು ಪರದೆಯೇ ಅರ್ಧ ಹೇಳಿಬಿಡುತ್ತದೆ.

ಅದಕ್ಕೂ ಮೊದಲು ಜೀವದ ಮಾತು. 19 ಇಂಚಿನ ಬಣ್ಣದ ಪಿಕ್ಚರ್ ಟ್ಯೂಬಿನಲ್ಲಿ 20,000 ವೋಲ್ಟಿಗೂ ಜಾಸ್ತಿ ಇರಬಹುದು. ಸ್ವಿಚ್ ಆರಿಸಿದ ಮೇಲೂ ಅದು ಒಳಗೇ ಉಳಿದಿರುತ್ತದೆ. ಪ್ಲಗ್ ಕೀಳಿ. ಟ್ಯೂಬಿನ ಹಿಂಭಾಗವನ್ನು ಸುತ್ತಿರುವ ಹೆಣೆದ ಬರಿ ತಂತಿ ಕಾಣುತ್ತದಲ್ಲ, ಅದಕ್ಕೆ ಕ್ಲಿಪ್ ಇರುವ ವೈರಿನ ಒಂದು ತುದಿ ಹಾಕಿ, ಇನ್ನೊಂದು ತುದಿಯನ್ನು ಒಳ್ಳೆಯ ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿಗೆ ಸಿಕ್ಕಿಸಿ. ಒಂದು ಕೈ ಬೆನ್ನ ಹಿಂದೆ ಇರಲಿ. ಈಗ ಟ್ಯೂಬಿಗೆ ದಪ್ಪ ವೈರ್ ಬಂದು ಸೇರುವ ರಬ್ಬರ್ ಕಪ್ಪಿನ ಅಡಿಗೆ ಸ್ಕ್ರೂಡ್ರೈವರ್ ತುದಿಯನ್ನು ಮೆಲ್ಲಗೆ ತೂರಿಸಿ, ಒಳಗಿನ ಲೋಹಕ್ಕೆ ಮುಟ್ಟಿಸಿ. ಚಟ್ ಅಂತ ಸದ್ದು ಬರಬಹುದು, ಬರದೆಯೂ ಇರಬಹುದು. ಕೆಲವು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿ, ಯಾಕಂದ್ರೆ ಸ್ವಲ್ಪ ಚಾರ್ಜ್ ಮತ್ತೆ ಕೂಡಿಕೊಳ್ಳುತ್ತದೆ. ಈ ವೈರನ್ನು ಗೇಮ್ ಬೋರ್ಡಿನ ಗ್ರೌಂಡಿಗೆ ಮಾತ್ರ ಹಾಕಬೇಡಿ, ಬೋರ್ಡೇ ಹೋಗುತ್ತದೆ. ಚಾಸಿಯ (ಮಾನಿಟರಿನ ಮುಖ್ಯ ಸರ್ಕ್ಯೂಟ್ ಬೋರ್ಡ್) ಮೇಲಿನ ದೊಡ್ಡ ಫಿಲ್ಟರ್ ಕೆಪಾಸಿಟರಿನಲ್ಲೂ ಶಾಕ್ ಹೊಡೆಯುವಷ್ಟು ಕರೆಂಟ್ ಇರುತ್ತದೆ, ಮೀಟರ್ ಹಿಡಿದು ನೋಡಿಯೇ ಕೈ ಹಾಕಿ.

ಇನ್ನೂ ಒಂದು. ಆ ಕಾಲದ ಎಷ್ಟೋ ಮಾನಿಟರುಗಳ ಚಾಸಿಗೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಚಾಸಿಯನ್ನು ಗೋಡೆಯ ಕರೆಂಟಿನಿಂದ ಬೇರ್ಪಡಿಸುವ ಅದು ಕ್ಯಾಬಿನೆಟ್ಟಿನಲ್ಲಿ ಬೇರೆಯಾಗಿ ಕೂತಿರುತ್ತದೆ. ಚಾಸಿಯನ್ನು ಟೇಬಲ್ ಮೇಲೆ ತಂದು ಸುಮ್ನೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಚಾಸಿಯೂ ಸುಡುತ್ತದೆ, ಮುಟ್ಟಿದವರಿಗೂ ಅಪಾಯ.

ಈಗ ಪರದೆಗೆ ಬರೋಣ. ಅಡ್ಡಕ್ಕೆ ಒಂದೇ ಗೆರೆ ಇದ್ದರೆ ಚಿತ್ರವನ್ನು ಮೇಲೆ ಕೆಳಗೆ ಹರಡುವ ವರ್ಟಿಕಲ್ ವಿಭಾಗ ಸತ್ತಿದೆ. ತಕ್ಷಣ ಬ್ರೈಟ್‌ನೆಸ್ ಇಳಿಸಿ, ಇಲ್ಲದಿದ್ದರೆ ಆ ಗೆರೆ ಟ್ಯೂಬಿನಲ್ಲೇ ಅಚ್ಚೊತ್ತಿಬಿಡುತ್ತದೆ. ವರ್ಟಿಕಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಅಥವಾ ಐಸಿ, ಅದರ ಪಕ್ಕದ ರೆಸಿಸ್ಟರುಗಳು, ಯೋಕಿನ (ಟ್ಯೂಬಿನ ಕತ್ತಿನ ಸುತ್ತ ಇರುವ ತಂತಿ ಸುರುಳಿ) ಕನೆಕ್ಟರ್, ಹುಡುಕುವುದು ಅಲ್ಲೇ. ಮೇಲಿಂದ ಕೆಳಕ್ಕೆ ಗೆರೆಯಿದ್ದರೆ ಯೋಕಿನ ಹಾರಿಜಾಂಟಲ್ ದಾರಿ ಎಲ್ಲೋ ತುಂಡಾಗಿದೆ. ಚಿತ್ರದ ಅಂಚು ಹಾವಿನ ಹಾಗೆ ಬಳುಕುತ್ತಿದ್ದರೆ ಮುಖ್ಯ ಫಿಲ್ಟರ್ ಕೆಪಾಸಿಟರ್ ಮೇಲೆ ಅನುಮಾನ ಪಡಿ. ಓರೆ ಗೆರೆಗಳಾಗಿ ಹರಿದುಹೋದರೆ ಹಾರಿಜಾಂಟಲ್ ಹೋಲ್ಡ್ ತಿರುಪನ್ನು ತಿರುಗಿಸಿ, ಚಿತ್ರವನ್ನು ಹಿಡಿದು ನಿಲ್ಲಿಸುವ ಸಿಂಕ್ ಸಿಗ್ನಲಿನ ವೈರ್ ನೋಡಿ. ಗೆರೆ ಎಳೆಯುವ ವೇಗ 15 ಕಿಲೋಹರ್ಟ್ಸ್ ಇರುವ ಮಾನಿಟರಿಗೆ 31 ಕಿಲೋಹರ್ಟ್ಸ್ ಗೇಮ್ ಬೋರ್ಡ್ ಹಾಕಿದರೂ ಚಿತ್ರ ನಿಲ್ಲುವುದಿಲ್ಲ.

ಒಂದು ಬಣ್ಣ ಕಾಣೆಯಾದರೆ ಪತ್ತೆ ಸುಲಭ. ಕೆಂಪು ಇಲ್ಲ ಅಂದುಕೊಳ್ಳಿ. ಮಾನಿಟರಿಗೆ ಬರುವ ಕೆಂಪು, ಹಸಿರು ಸಿಗ್ನಲ್ ವೈರುಗಳನ್ನು ಅದಲುಬದಲು ಮಾಡಿ. ಆಗಲೂ ಕೆಂಪೇ ಕಾಣದಿದ್ದರೆ ದೋಷ ಮಾನಿಟರಿನದು, ಟ್ಯೂಬಿನ ಕತ್ತಿನ ತುದಿಗೆ ಕೂತ ನೆಕ್ ಬೋರ್ಡಿನಲ್ಲಿ ಕೆಂಪಿನ ಟ್ರಾನ್ಸಿಸ್ಟರಿನ ಕಡೆ ಹೋಗಿ. ಈಗ ಹಸಿರು ಮಾಯವಾದರೆ ಮಾನಿಟರ್ ಚೆನ್ನಾಗಿದೆ, ಗೇಮ್ ಬೋರ್ಡ್ ಅಥವಾ ವೈರಿಂಗ್ ನೋಡಿ.

ಪೂರ್ತಿ ಕಪ್ಪಾಗಿದ್ದರೆ ಟ್ಯೂಬಿನ ಕತ್ತಿನಲ್ಲಿ ಕಿತ್ತಳೆ ಬಣ್ಣದ ಸಣ್ಣ ಬೆಳಕು ಇದೆಯಾ ನೋಡಿ. ಆ ಬೆಳಕಿದ್ದು, ಆನ್ ಮಾಡಿದಾಗ ಗಾಜಿನ ಹತ್ತಿರ ಕೈಯ ಕೂದಲು ಎದ್ದರೆ ಹೈವೋಲ್ಟೇಜ್ ಬರುತ್ತಿದೆ. ಆಗ ಫ್ಲೈಬ್ಯಾಕಿನ (ಆ ಹೈವೋಲ್ಟೇಜ್ ಕೊಡುವ ಪಾರ್ಟ್) ಸ್ಕ್ರೀನ್ ತಿರುಪನ್ನು ಒಂಚೂರು ಏರಿಸಿ ನೋಡಬಹುದು. ಅದರ ಬದಲು ಫ್ಯೂಸೇ ಮತ್ತೆ ಮತ್ತೆ ಹೋಗುತ್ತಿದ್ದರೆ ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಅಳೆಯಿರಿ. ಕಲೆಕ್ಟರ್, ಎಮಿಟರ್ ನಡುವೆ ಎರಡೂ ದಿಕ್ಕಿನಲ್ಲಿ ಸೊನ್ನೆಯ ಹತ್ತಿರ ಬಂದರೆ ಅದು ಶಾರ್ಟ್. ಹೊಸದು ಹಾಕಿ ಆನ್ ಮಾಡಿಬಿಡಬೇಡಿ, ಕೆಟ್ಟ ಫ್ಲೈಬ್ಯಾಕ್ ಅಥವಾ ಏರಿದ ಬಿ-ಪ್ಲಸ್ (ಚಾಸಿಯ ಮುಖ್ಯ ಡಿಸಿ ವೋಲ್ಟೇಜ್) ಅದನ್ನೂ ಕ್ಷಣದಲ್ಲಿ ಕೊಲ್ಲುತ್ತದೆ. ವೋಲ್ಟೇಜನ್ನು ಸ್ಥಿರವಾಗಿಡುವ ಲೀನಿಯರ್ ರೆಗ್ಯುಲೇಟರ್ ಇರುವ ಚಾಸಿಯಾದರೆ ಆ ಹಾರಿಜಾಂಟಲ್ ಟ್ರಾನ್ಸಿಸ್ಟರ್ ತೆಗೆದು, ಬಿ-ಪ್ಲಸ್ ಮತ್ತು ಚಾಸಿಯ ಗ್ರೌಂಡ್ ನಡುವೆ 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಹಾಕಿ ವೋಲ್ಟೇಜ್ ಅಳೆಯಿರಿ. ಎಲೆಕ್ಟ್ರೋಹೋಮ್ ಜಿ07 ಮಾದರಿಯ ಮಾನಿಟರ್ ಆದರೆ 120 ವೋಲ್ಟ್ ಇರಬೇಕು, ಬೇರೆಯದಕ್ಕೆ ಅದರದೇ ಸರ್ಕ್ಯೂಟ್ ನಕ್ಷೆ ನೋಡಿ. ನೇರವಾಗಿ ಗೆರೆಗಳನ್ನೇ ಎಳೆದು ಚಿತ್ರ ಬಿಡಿಸುವ ವೆಕ್ಟರ್ ಮಾನಿಟರುಗಳ ಲೆಕ್ಕವೇ ಬೇರೆ, ಈ ವಿಧಾನ ಅಲ್ಲಿಗೆ ಹೊಂದುವುದಿಲ್ಲ.

ದೋಷ ಯಾವ ಕಡೆ ಅಂತ ಗೊತ್ತಾದ ಮೇಲೆ ಪಾರ್ಟಿಗಿಂತ ಮೊದಲು ಬೆಸುಗೆ ನೋಡಿ. ನನ್ನ ಪ್ರಕಾರ ಇಡೀ ರಿಪೇರಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿಗೇ. ಭೂತಗನ್ನಡಿ ತಗೊಂಡು, ಲೈಟನ್ನು ಪಕ್ಕದಿಂದ ಬಿಟ್ಟು, ಕನೆಕ್ಟರ್ ಪಿನ್ನುಗಳ ಬುಡ ನೋಡಿ. ಪಿನ್ನಿನ ಸುತ್ತ ಕೂದಲೆಳೆಯಷ್ಟು ತೆಳ್ಳಗಿನ ಬೂದು ಉಂಗುರ ಕಂಡರೆ ಬೆಸುಗೆ ಬಿರುಕು ಬಿಟ್ಟಿದೆ ಅಂತಲೇ ಅರ್ಥ. ವರ್ಷಗಟ್ಟಲೆ ಕಾದು, ತಣಿದು, ಕ್ಯಾಬಿನೆಟ್ ಅಲುಗಾಡಿ ಹೀಗಾಗುತ್ತದೆ. ಭಾರದ ಪಾರ್ಟುಗಳು, ಫ್ಲೈಬ್ಯಾಕಿನ ಕಾಲುಗಳು, ನೆಕ್ ಬೋರ್ಡಿನ ಸಾಕೆಟ್, ಹೀಟ್‌ಸಿಂಕಿಗೆ ಕೂತ ಟ್ರಾನ್ಸಿಸ್ಟರುಗಳು, ಇವೇ ಹೆಚ್ಚಾಗಿ ಬಿರುಕು ಬಿಡುವ ಜಾಗಗಳು. ಹಳೇ ಸಾಲ್ಡರ್ ಹೀರಿ ತೆಗೆದು ಹೊಸದು ಹಾಕಿ, ಮೇಲಿಂದ ಸುಮ್ನೆ ಬಿಸಿ ಮಾಡಿದರೆ ಮತ್ತೆ ಬಿಡುತ್ತದೆ. ನೆಕ್ ಬೋರ್ಡ್ ಕೀಳುವಾಗ ನೇರವಾಗಿ ಹಿಂದಕ್ಕೆ ಎಳೆಯಿರಿ. ಅಲ್ಲಾಡಿಸಿದರೆ ಕತ್ತಿನ ಗಾಜು ಮುರಿಯುತ್ತದೆ, ಅಲ್ಲಿಗೆ ಟ್ಯೂಬಿನ ಕಥೆ ಮುಗಿಯಿತು.

ಕೆಪಾಸಿಟರ್ ಕಿಟ್ ಇದಾದ ಮೇಲೆ. ಮೊದಲು ಬೋರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಕಿತ್ತು, ಅದರ ಜಾಗದಲ್ಲಿ ಒಂದು ಹಾಕಿ, ಆಮೇಲೆ ಮುಂದಿನದು. 105 ಡಿಗ್ರಿ ಬಿಸಿ ತಡೆಯುವವು ತನ್ನಿ. ವೋಲ್ಟೇಜ್ ಮೊದಲಿನಷ್ಟೇ ಅಥವಾ ಸ್ವಲ್ಪ ಜಾಸ್ತಿ ಇರಲಿ, ಎಂದೂ ಕಡಿಮೆ ಬೇಡ. ಪ್ಲಸ್, ಮೈನಸ್ ನೋಡುವಾಗ ಬೋರ್ಡಿನ ಅಚ್ಚನ್ನು ಪೂರ್ತಿ ನಂಬಬೇಡಿ, ತೆಗೆದದ್ದು ಹೇಗಿತ್ತು ಅನ್ನುವುದನ್ನೂ ನೋಡಿ.

ಆನ್ ಮಾಡಿ ಅರ್ಧ ಗಂಟೆ ಬಿಟ್ಟು ಬಿ-ಪ್ಲಸ್ ಮತ್ತೆ ಅಳೆಯಿರಿ, ಅಗಲ, ಎತ್ತರ, ಫೋಕಸ್ ಸರಿಮಾಡಿ. ಅಗಲದ ಕಾಯಿಲನ್ನು ಪ್ಲಾಸ್ಟಿಕ್ ಕೀಲಿಯಿಂದಲೇ ತಿರುಗಿಸಿ, ಬಿಗಿಯಾಗಿದ್ದರೆ ಬಲ ಹಾಕಬೇಡಿ, ಒಳಗಿನ ಫೆರೈಟ್ ಒಡೆಯುತ್ತದೆ. ಮೂಲೆಯಲ್ಲಿ ಬಣ್ಣದ ಕಲೆ ಕಂಡರೆ ಡೀಗಾಸ್ ಮಾಡಿ, ಅಂದರೆ ಟ್ಯೂಬಿನಲ್ಲಿ ಉಳಿದ ಕಾಂತತ್ವ ತೆಗೆಯಿರಿ. ಹಳೇ ಗೇಮಿನ ಅಕ್ಷರಗಳು ಗಾಜಿನಲ್ಲೇ ಅಚ್ಚಾಗಿದ್ದರೆ ಅದಕ್ಕೆ ರಿಪೇರಿ ಇಲ್ಲ, ಟ್ಯೂಬ್ ಬದಲಿಸಬೇಕು. ಆಗ ಕತ್ತಿನ ದಪ್ಪ, ಪಿನ್ನುಗಳ ಜೋಡಣೆ, ಯೋಕಿನ ಅಳತೆ ಮೂರೂ ನಿಮ್ಮ ಚಾಸಿಗೆ ಹೊಂದುತ್ತವೆಯೇ ನೋಡಿಕೊಂಡು ತನ್ನಿ.