ಎಣ್ಣೆ ಹೊಡೆಯುವ ಪಂಪಿನ ಬ್ಯಾಟರಿಯನ್ನು ಹೆಚ್ಚು ಕಾಲ ಬಾಳಿಸುವ ಬಗೆ

ಹಾವೇರಿ ಸೀಮೆಯಲ್ಲಿ ಗೋವಿನಜೋಳಕ್ಕೆ, ಹತ್ತಿಗೆ, ಆಮೇಲೆ ಮೆಣಸಿನ ಗಿಡಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವ ಕೆಲಸ ಮುಗಿದ ಮೇಲೆ ಬ್ಯಾಟರಿ ಪಂಪು ಅಟ್ಟ ಏರುತ್ತದೆ. ಮರುವರ್ಷ ಮುಂಗಾರು ಬಂದಾಗ ಇಳಿಸಿ ಸ್ವಿಚ್ ಒತ್ತಿದರೆ ಮೋಟಾರು ಒಮ್ಮೆ ಗೊರಗುಟ್ಟಿ ಸುಮ್ಮನಾಗುತ್ತದೆ. ನಮ್ಮ ಮನೆಯಲ್ಲಿ ಹೀಗೆ ಎರಡು ಬ್ಯಾಟರಿಗಳು ಹೋದವು, ಎರಡು ಸಲವೂ ನಾನು ಮಾಲು ಕೊಟ್ಟ ಅಂಗಡಿಯವರನ್ನೇ ಬೈದುಕೊಂಡೆ. ಮೂರನೆಯದನ್ನು ವೋಲ್ಟೇಜು ತೋರಿಸುವ ಮಲ್ಟಿಮೀಟರ್ ಹಿಡಿದು ಆಗಾಗ ಅಳೆಯತೊಡಗಿದ ಮೇಲೆ ತಪ್ಪು ನನ್ನದೇ ಎಂಬುದು ಗೊತ್ತಾಯಿತು: ಆ ಬ್ಯಾಟರಿಗಳು ಕೆಟ್ಟದ್ದು ಹೊಲದ ದುಡಿಮೆಯಿಂದಲ್ಲ, ಅಟ್ಟದ ಮೇಲಿನ ಏಳೆಂಟು ತಿಂಗಳ ಉಪವಾಸದಿಂದ.

ಮೊದಲು ನಿಮ್ಮ ಪಂಪಿನಲ್ಲಿ ಯಾವ ಜಾತಿಯ ಬ್ಯಾಟರಿ ಇದೆ ಎಂಬುದನ್ನು ಅದರ ಮೇಲಿನ ಚೀಟಿ ಓದಿ ತಿಳಿದುಕೊಳ್ಳಬೇಕು. ಸಾಮಾನ್ಯವಾಗಿ ಸಿಗುವುದು 12 ವೋಲ್ಟಿನ, 8 ಅಥವಾ 12 ಎಎಚ್ (ಆಂಪಿಯರ್-ಅವರ್, ಅಂದರೆ ಎಷ್ಟು ಕರೆಂಟು ಹಿಡಿಸುತ್ತದೆ ಎಂಬ ಅಳತೆ) ಸಾಮರ್ಥ್ಯದ, ಮುಚ್ಚಿದ ಲೆಡ್ ಆಸಿಡ್ ಬ್ಯಾಟರಿ. ಇನ್ವರ್ಟರ್ ಬ್ಯಾಟರಿಯಂತೆ ಇದಕ್ಕೆ ನೀರು ಹಾಕುವ ಬಿರಡೆಗಳಿರುವುದಿಲ್ಲ, ಆದ್ದರಿಂದ ಮೇಲ್ಭಾಗವನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ಡಿಸ್ಟಿಲ್ಡ್ ವಾಟರ್ ಹಾಕುವ ಉಸಾಬರಿಗೆ ಹೋಗಬಾರದು. ಹೊಸ ಪಂಪುಗಳಲ್ಲಿ ಕೆಲವಕ್ಕೆ ಲಿಥಿಯಂ ಬ್ಯಾಟರಿ ಬರುತ್ತಿದೆ. ಅದು ಕೈಯಲ್ಲಿ ಹಿಡಿದರೆ ಹಗುರ, ಮತ್ತು ಅದರ ಆರೈಕೆಯ ರೀತಿ ಬೇರೆ.

ಲೆಡ್ ಆಸಿಡ್ ಬ್ಯಾಟರಿಯಿಂದ ಕರೆಂಟು ಖರ್ಚಾದಂತೆಲ್ಲ ಒಳಗಿನ ಸೀಸದ ಫಲಕಗಳ ಮೇಲೆ ಲೆಡ್ ಸಲ್ಫೇಟ್ ಕೂಡುತ್ತದೆ. ತಡಮಾಡದೆ ಚಾರ್ಜಿಗೆ ಹಾಕಿದರೆ ಅದು ಕರಗಿ ಮತ್ತೆ ಆಸಿಡ್ಡಿಗೆ ಸೇರುತ್ತದೆ. ವಾರಗಟ್ಟಲೆ ಹಾಗೆಯೇ ಬಿಟ್ಟರೆ ಅದೇ ಸಲ್ಫೇಟ್ ಗಟ್ಟಿ ಹರಳಾಗಿ ಫಲಕವನ್ನು ಮುಚ್ಚಿಬಿಡುತ್ತದೆ, ಆಮೇಲೆ ಎಷ್ಟು ಹೊತ್ತು ಚಾರ್ಜರ್ ಹಚ್ಚಿದರೂ ಆ ಭಾಗ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಆ ದಿನ ನಾಲ್ಕೇ ಟ್ಯಾಂಕು ಹೊಡೆದಿದ್ದರೂ ಬ್ಯಾಟರಿಯನ್ನು ಅಂದು ಸಂಜೆಯೇ ಚಾರ್ಜಿಗೆ ಹಾಕಬೇಕು. ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್ ಮಾಡಬೇಕೆಂಬ ಮಾತು ಹಳೆಯ ನಿಕಲ್ ಕ್ಯಾಡ್ಮಿಯಂ ಸೆಲ್ಲುಗಳ ಕಾಲದ್ದು. ಲೆಡ್ ಆಸಿಡ್ಡಿಗೆ ಅದು ಪೂರಾ ತಲೆಕೆಳಗು, ಏಕೆಂದರೆ ಪ್ರತಿ ಸಲ ತಳ ಮುಟ್ಟುವ ಬ್ಯಾಟರಿಗಿಂತ ಅರ್ಧಕ್ಕೇ ಮರಳಿ ತುಂಬಿಸಿಕೊಳ್ಳುವ ಬ್ಯಾಟರಿ ಎಷ್ಟೋ ಹೆಚ್ಚು ಸುತ್ತು ಬಾಳುತ್ತದೆ. ಹೊಲದಲ್ಲಿ ಹನಿ ದಪ್ಪವಾಗಿ ಒತ್ತಡ ಇಳಿದದ್ದು ಕಂಡ ಕೂಡಲೇ ಕೆಲಸ ನಿಲ್ಲಿಸಬೇಕೇ ಹೊರತು, ಉಳಿದ ಒಂದು ಸಾಲನ್ನು ಮುಗಿಸಿಯೇ ಬಿಡುತ್ತೇನೆಂದು ಹಟ ಹಿಡಿಯಬಾರದು. ಮೋಟಾರು ಓಡುತ್ತಿರುವಾಗ ವೋಲ್ಟೇಜು 10.5ಕ್ಕಿಂತ ಕೆಳಗೆ ಹೋದರೆ ಫಲಕಗಳಿಗೆ ಪೆಟ್ಟು ಬೀಳುತ್ತದೆ.

ಮನೆಗೆ ಬಂದ ಮೇಲೆ ಪಂಪನ್ನು ತೊಳೆದು, ಒರೆಸಿ, ಬ್ಯಾಟರಿ ಬಿಸಿಯಿದ್ದರೆ ಅರ್ಧ ತಾಸು ಆರಲು ಬಿಟ್ಟು ಚಾರ್ಜರ್ ಹಚ್ಚಬೇಕು. ಚಾರ್ಜಿಂಗ್ ಮೊದಲ ಎರಡು ಮೂರು ತಾಸುಗಳಲ್ಲಿ ಭರದಿಂದ ಸಾಗಿ ಕೊನೆಯ ಭಾಗದಲ್ಲಿ ನಿಧಾನವಾಗುತ್ತದೆ. ಬಹಳ ಜನ ತಪ್ಪುವುದು ಇಲ್ಲಿಯೇ: ಪಂಪು ಓಡುವಷ್ಟು ಬಂತೆಂದು ನಡುವೆಯೇ ಕಿತ್ತುಬಿಡುತ್ತಾರೆ, ದಿನದಿನವೂ ಉಳಿದ ಆ ಕೊಂಚ ಸಲ್ಫೇಟ್ ಸೇರುತ್ತ ಹೋಗುತ್ತದೆ. ಕೆಂಪು ದೀಪ ಹಸಿರಾಗುವವರೆಗೆ, ಬಹುತೇಕ ಇಡೀ ರಾತ್ರಿ, ಬಿಡುವುದು ಒಳ್ಳೆಯದು. ನಡುವೆ ಕರೆಂಟು ಹೋಗಿ ಬಂದರೆ ಬ್ಯಾಟರಿಗೆ ಅದರಿಂದ ತೊಂದರೆಯಿಲ್ಲ. ತಾನೇ ನಿಲ್ಲಿಸಿಕೊಳ್ಳದ ಹಳೆಯ ಚಾರ್ಜರ್ ಇದ್ದರೆ ಮಾತ್ರ ಬೆಳಿಗ್ಗೆ ನೆನಪಿಟ್ಟು ತೆಗೆಯಬೇಕು.

ಚಾರ್ಜರ್ ಕೆಟ್ಟರೆ ಟ್ರ್ಯಾಕ್ಟರಿನ ಬ್ಯಾಟರಿಗೆ ಕ್ಲಿಪ್ ಹಾಕಿ ಚಾರ್ಜ್ ಮಾಡುವವರನ್ನು ಕಂಡಿದ್ದೇನೆ. 8 ಎಎಚ್ ಬ್ಯಾಟರಿಗೆ ಹಿತವಾದದ್ದು ಒಂದರಿಂದ ಒಂದೂಮುಕ್ಕಾಲು ಆಂಪಿಯರ್, ಮತ್ತು ಚಾರ್ಜಿನ ಕೊನೆಯಲ್ಲಿ 14.4ರಿಂದ 14.7 ವೋಲ್ಟ್. ಲೆಕ್ಕವಿಲ್ಲದೆ ಆಂಪಿಯರ್ ನುಗ್ಗಿದರೆ ಒಳಗಿನ ನೀರು ಅನಿಲವಾಗಿ ಹೊರಬಿದ್ದು ಪೆಟ್ಟಿಗೆಯ ಮಗ್ಗುಲು ಉಬ್ಬುತ್ತದೆ. ಹೀಗೆ ಹೋದ ನೀರನ್ನು ಮುಚ್ಚಿದ ಬ್ಯಾಟರಿಗೆ ಮರಳಿ ತುಂಬಲಾಗದು. ಆ ಅನಿಲದಲ್ಲಿ ಹೈಡ್ರೋಜನ್ ಇರುವುದರಿಂದ ಚಾರ್ಜ್ ಮಾಡುವ ಜಾಗದಲ್ಲಿ ಗಾಳಿ ಆಡಬೇಕು. ಹತ್ತಿ ಅಂಡಿಗೆ, ಹೊಟ್ಟು, ಕಣಕಿ, ಎಣ್ಣೆಯ ಡಬ್ಬಿಗಳು ಹತ್ತಿರ ಇರಬಾರದು, ಗೋಣಿಚೀಲ ಹೊದಿಸಲೂ ಬಾರದು.

ಅಟ್ಟಕ್ಕೆ ಏರಿಸುವ ಮುನ್ನ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಮಲ್ಟಿಮೀಟರಿನಿಂದ ಅಳೆಯಬೇಕು. 12.7 ಅಥವಾ ಹೆಚ್ಚು ತೋರಿಸಿದರೆ ತುಂಬಿದೆ ಎಂದರ್ಥ. 12.2ರ ಸುಮಾರಿಗೆ ಇದ್ದರೆ ಅರ್ಧ, 12ಕ್ಕಿಂತ ಇಳಿದಿದ್ದರೆ ಕಾಲುಭಾಗವೂ ಇಲ್ಲ. ಆಮೇಲೆ ಎರಡರಲ್ಲಿ ಒಂದು ತಂತಿಯನ್ನು ಬಿಚ್ಚಿ ತುದಿಗೆ ಟೇಪು ಸುತ್ತಬೇಕು, ಏಕೆಂದರೆ ಕೆಲವು ಪಂಪುಗಳ ಪುಟ್ಟ ಮೀಟರ್ ದೀಪವೇ ತಿಂಗಳುಗಟ್ಟಲೆ ಹನಿಹನಿಯಾಗಿ ಕರೆಂಟು ಕುಡಿಯುತ್ತದೆ. ತಂತಿ ಬಿಚ್ಚಿದರೂ ಬ್ಯಾಟರಿ ತಾನಾಗಿಯೇ ತಿಂಗಳಿಗೆ ಶೇಕಡಾ 3ರಷ್ಟು ಕಳೆದುಕೊಳ್ಳುತ್ತದೆ, ಬಿಸಿಲುಗಾಲದಲ್ಲಿ ಇನ್ನೂ ಹೆಚ್ಚು. ತಾಪಮಾನ 10 ಡಿಗ್ರಿ ಏರಿದರೆ ಲೆಡ್ ಆಸಿಡ್ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಎಲ್ಲರೂ ಒಪ್ಪಿದ ಲೆಕ್ಕ. ಹಾಗಾಗಿ ಏಪ್ರಿಲ್ ತಿಂಗಳಲ್ಲಿ ತಗಡಿನ ಕೆಳಗಿನ ಅಟ್ಟಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಪಂಪನ್ನು ಅಟ್ಟದ ಮೇಲೆ ಇಟ್ಟರೂ ಬ್ಯಾಟರಿಯನ್ನು ಬಿಚ್ಚಿ ತಂಪಾದ ಒಳಕೋಣೆಯ ಗೂಡಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡುವುದು ಲೇಸು.

ಎರಡು ಮೂರು ತಿಂಗಳಿಗೊಮ್ಮೆ ಮರುಚಾರ್ಜ್ ಮಾಡಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತಾರೆ, ಆದರೆ ತಾರೀಖು ಯಾರಿಗೂ ನೆನಪಿರುವುದಿಲ್ಲ. ನಾನು ಹಬ್ಬಗಳಿಗೆ ಗಂಟು ಹಾಕಿಕೊಂಡಿದ್ದೇನೆ: ದೀಪಾವಳಿಗೆ ತುಂಬಿಸಿ ಇಡುವುದು, ಸಂಕ್ರಾಂತಿಗೆ ಒಮ್ಮೆ, ಯುಗಾದಿಗೆ ಒಮ್ಮೆ, ಕಾರಹುಣ್ಣಿಮೆಗೆ ಎತ್ತುಗಳ ಜೊತೆಗೆ ಪಂಪನ್ನೂ ಸಜ್ಜು ಮಾಡುವುದು. ಮೆಣಸಿನ ಗಿಡ ಇದ್ದವರಿಗೆ ಮೊದಲ ಗಂಟು ಇನ್ನೂ ಸ್ವಲ್ಪ ಮುಂದಕ್ಕೆ ಹೋಗುತ್ತದೆ.

ಟರ್ಮಿನಲ್ಲುಗಳ ಮೇಲೆ ಬಿಳಿ ಅಥವಾ ಹಸಿರು ಕಿಲುಬು ಕಂಡರೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಒಣಗಿಸಿ, ತೆಳ್ಳಗೆ ವ್ಯಾಸಲೀನ್ ಸವರಿದರೆ ಸಾಕು.

ಲಿಥಿಯಂ ಬ್ಯಾಟರಿಯನ್ನು ಇಡುವ ರೀತಿ ಇದಕ್ಕೆ ವಿರುದ್ಧ. ಅದನ್ನು ಪೂರ್ತಿ ತುಂಬಿಸಿ ಬಿಸಿ ಜಾಗದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬೇಗ ಮುದಿಯಾಗುತ್ತದೆ, ಪೂರ್ತಿ ಖಾಲಿ ಇಟ್ಟರೆ ಮತ್ತೆ ಏಳದೇ ಹೋಗಬಹುದು. ಅರ್ಧ ಚಾರ್ಜಿನಲ್ಲಿ ಎತ್ತಿಟ್ಟು, ಅದೇ ಹಬ್ಬಗಳಿಗೆ ಒಮ್ಮೆ ನೋಡಿ, ಇಳಿದಿದ್ದರೆ ಅರ್ಧಕ್ಕೆ ತರಬೇಕು. ಮೂರು ಸೆಲ್ಲುಗಳ ಲಿಥಿಯಂ ಬ್ಯಾಟರಿ 12.6 ವೋಲ್ಟಿಗೇ ತುಂಬಿಬಿಡುವುದರಿಂದ, ಪಿನ್ನು ಹೊಂದುತ್ತದೆಂದು ಲೆಡ್ ಆಸಿಡ್ ಚಾರ್ಜರನ್ನು ಅದಕ್ಕೆ ಹಚ್ಚಿದರೆ ಬೆಂಕಿ ಹತ್ತುವ ಅಪಾಯವಿದೆ. ಮನೆಯಲ್ಲಿ ಎರಡೂ ಬಗೆಯ ಪಂಪುಗಳಿದ್ದರೆ ಚಾರ್ಜರುಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಬೇಕು.

ರಾತ್ರಿಯಿಡೀ ಚಾರ್ಜ್ ಮಾಡಿದರೂ ಬೆಳಿಗ್ಗೆ 12 ವೋಲ್ಟ್ ದಾಟದ, ಇಲ್ಲವೇ ಮಗ್ಗುಲು ಉಬ್ಬಿದ ಲೆಡ್ ಆಸಿಡ್ ಬ್ಯಾಟರಿಯನ್ನು ಉಳಿಸುವ ಪ್ರಯತ್ನ ವ್ಯರ್ಥ. ಅದನ್ನು ಹೊಲದ ಬದುವಿಗೆ ಎಸೆಯದೆ ಅಂಗಡಿಗೆ ಮರಳಿಸಬೇಕು, ಏಕೆಂದರೆ ಒಳಗಿನ ಸೀಸ ಮಣ್ಣಿಗೂ ನೀರಿಗೂ ವಿಷ. ಅದೇ ಸೀಸಕ್ಕೆ ಬೆಲೆಯೂ ಇರುವುದರಿಂದ, ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಮುಂದಿಟ್ಟು ಎಷ್ಟು ಕಡಿಮೆ ಮಾಡುತ್ತೀರಿ ಎಂದು ಕೇಳಲು ಸಂಕೋಚ ಬೇಡ.