ಮುಖಪುಟದ ಮೂಲೆಯ ಚೌಕಟ್ಟು

ಮಂಡ್ಯದ ಪತ್ರಿಕೆಯಲ್ಲಿ ಸಂಪಾದಕೀಯ ಬಿಟ್ಟುಹೋದರೆ ಯಾರೂ ಕೇಳುವುದಿಲ್ಲ. ಮುಖಪುಟದ ಮೂಲೆಯಲ್ಲಿರುವ, ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಲೆಕ್ಕದ ಚೌಕಟ್ಟು ಬಿಟ್ಟುಹೋದರೆ ಬೆಳಿಗ್ಗೆ ಆರಕ್ಕೇ ಫೋನು. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು: ನಾಲ್ಕೇ ಸಾಲು. ಭತ್ತದ ಒಟ್ಲು (ಸಸಿಮಡಿ) ಬಿಡುವುದೋ ಬೇಡವೋ ಎಂಬುದು ಅದನ್ನು ನೋಡಿಯೇ ತೀರ್ಮಾನವಾಗುತ್ತದೆ.

ಕಚೇರಿಯಲ್ಲಿ ‘ಡಿಜಿಟಲ್’ ಗಾಳಿ ಬೀಸಿದಾಗ ಉಳಿದವರು ಫೇಸ್‌ಬುಕ್, ವಿಡಿಯೊ ಎಂದು ಓಡಾಡಿದರು. ನಾನು ಹಳೆಯ ಪುಟಗಳ ಹಾರ್ಡ್‌ಡಿಸ್ಕ್ ಹುಡುಕಿ ತೆಗೆದೆ. ಹದಿನೈದು ವರ್ಷಗಳ ಚೌಕಟ್ಟುಗಳನ್ನು ಒಂದು ಎಕ್ಸೆಲ್ ಹಾಳೆಗೆ ಇಳಿಸುವುದು ನನ್ನ ಲೆಕ್ಕಾಚಾರ. ವಾರದ ಕೆಲಸ ಎಂದುಕೊಂಡಿದ್ದೆ, ಐದು ತಿಂಗಳು ಹಿಡಿಯಿತು.

ಕಾರಣ ಅಕ್ಷರ. ಆ ಪುಟಗಳೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಕಂಪ್ಯೂಟರು ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ಗೆ ಪರಿವರ್ತಿಸದೆ ಒಂದು ಪದವನ್ನೂ ಹುಡುಕುವಂತಿಲ್ಲ. ಪರಿವರ್ತಿಸಿದರೂ ಕಾಟ ತಪ್ಪಲಿಲ್ಲ. ಹಳೆಯ ಫಾಂಟಿನಲ್ಲಿ ‘ಮ’ ಎಂದರೆ ‘ವ’ಕ್ಕೆ ಅಂಟಿಸಿದ ಒಂದು ಬಾಲ. ಪಿಡಿಎಫ್‌ನಿಂದ ತೆಗೆಯುವಾಗ ಬಾಲ ಕಳಚಿಕೊಂಡಲ್ಲೆಲ್ಲ ‘ನೀರಿನ ಮಟ್ಟ’ ಹೋಗಿ ‘ನೀರಿನ ವಟ್ಟ’ವಾಗಿತ್ತು. ‘ಮಟ್ಟ’ ಎಂದು ಹುಡುಕಿದಾಗ ನೂರಾರು ದಿನಗಳು ಸಿಗದೆ ತಲೆಕೆಡಿಸಿಕೊಂಡಿದ್ದೆ. ಗುಟ್ಟು ತಿಳಿದ ಮೇಲೆ ‘ವಟ್ಟ’ವನ್ನೂ ಹುಡುಕತೊಡಗಿದೆ.

ಹಾಳೆ ತುಂಬುತ್ತಾ ಬಂದಂತೆ ಮೊದಲು ಬಯಲಾದದ್ದು ನಮ್ಮದೇ ಹುಳುಕು. ಒಂದು ಬೇಸಿಗೆಯಲ್ಲಿ ನಾಲ್ಕು ದಿನ ಮಟ್ಟವೂ ಹರಿವೂ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ನಮ್ಮ ಹಿರಿಯ ಪುಟ ವಿನ್ಯಾಸಕರನ್ನು ಕೇಳಿದೆ. ‘ಹಿಂದಿನ ದಿನದ ಪುಟದ ಮೇಲೆಯೇ ಹೊಸ ಪುಟ ಕಟ್ಟುತ್ತಿದ್ದೆವಲ್ಲ ಸಾರ್, ಅಂಕಿ ಬದಲಿಸಲು ಮರೆತಿರಬೇಕು’ ಎಂದು ನಕ್ಕರು. ನಾಲೆಗೆ ನೀರಿಲ್ಲದ ದಿನಗಳಾದ್ದರಿಂದ ಆಗ ಯಾರೂ ಫೋನು ಮಾಡಿರಲಿಲ್ಲ. ಆ ನಾಲ್ಕು ಸಾಲುಗಳನ್ನು ಖಾಲಿ ಬಿಟ್ಟೆ. ಊಹಿಸಿ ತುಂಬಲು ಮನಸ್ಸಾಗಲಿಲ್ಲ.

2025ರಲ್ಲಿ ಹಾಳೆಗೆ ಬೆಲೆ ಬಂತು. ಜೂನ್ ಮುಗಿಯುವ ಮೊದಲೇ ಅಣೆಕಟ್ಟೆ ತುಂಬಿತು. 2023ರಲ್ಲಿ ತುಂಬಿರಲೇ ಇಲ್ಲ, 2024ರಲ್ಲಿ ಜುಲೈ ಕೊನೆಯ ವಾರದವರೆಗೆ ಕಾಯಬೇಕಾಗಿತ್ತು. ಮೂರು ವರ್ಷಗಳಿಗೆ ಮೂರು ಬಣ್ಣದ ಗೆರೆ ಎಳೆದು ವಾಟ್ಸ್‌ಆ್ಯಪ್‌ಗೆ ಬಿಟ್ಟೆ. ಲಿಂಕ್ ಬದಲು ಚಿತ್ರವನ್ನೇ ಕಳುಹಿಸಿದ್ದೆ, ಏಕೆಂದರೆ ನಮ್ಮ ಓದುಗರು ಲಿಂಕ್ ಒತ್ತುವುದಿಲ್ಲ, ಚಿತ್ರವನ್ನು ಮುಂದಕ್ಕೆ ದಾಟಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದು ನನ್ನ ಭಾವನ ಮನೆಯ ಗುಂಪಿನಿಂದ ನನಗೇ ವಾಪಸು ಬಂತು.

ಅದೇ ಹುಮ್ಮಸ್ಸಿನಲ್ಲಿ ದಿನದ ಚೌಕಟ್ಟನ್ನೂ ಚಿತ್ರವಾಗಿ ಕಳುಹಿಸತೊಡಗಿದೆ, ಕೆಳಗಿನ ಮೂಲೆಯಲ್ಲಿ ಪತ್ರಿಕೆಯ ಹೆಸರು, ದಿನಾಂಕ. ಯಾರೋ ಪುಣ್ಯಾತ್ಮರು ಮೂಲೆ ಕತ್ತರಿಸಿ ಹರಿಯಬಿಟ್ಟರು. ಮೂರು ವಾರ ಕಳೆದು ನಮ್ಮದೇ ವರದಿಗಾರನೊಬ್ಬ ಆ ಚಿತ್ರವನ್ನು ಡೆಸ್ಕಿನ ಗುಂಪಿಗೆ ಹಾಕಿ, ‘ಈಗ ಬಂದ ಸುದ್ದಿ, ಹೊರಹರಿವು ಹೆಚ್ಚಳ’ ಎಂದು ಬರೆದ. ಈಗ ದಿನಾಂಕವನ್ನು ಅಂಕಿಯ ನಟ್ಟನಡುವೆ, ಅಡಿಗೂ ಕ್ಯುಸೆಕ್‌ಗೂ ಮಧ್ಯೆ ಕೂರಿಸುತ್ತೇನೆ. ನೋಡಲು ಚೆಂದವಿಲ್ಲ ಎಂದು ವಿನ್ಯಾಸಕರು ಇಂದಿಗೂ ಗೊಣಗುತ್ತಾರೆ.